ಪಿಪಿಟಿ ರೆಡಿ ಆಗೋದು ಜೆರಾಕ್ಸ್ ಅಂಗಡೀಲಿ: ನಾಳಿನ ಟೀಚರ್‌ಗಳಿಗೆ ಕಂಪ್ಯೂಟರ್ ಕಲಿಸ್ತಿರೋರು ಯಾರು?

ಮೂರನೇ ಕ್ಲಾಸಿಂದಲೇ ಮಕ್ಕಳಿಗೆ ಎಐ ಪಾಠ, ಅದೂ 2026-27ರ ಶೈಕ್ಷಣಿಕ ವರ್ಷದಿಂದ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೇಳಿತ್ತು. ಸುದ್ದಿ ಬಂದ ದಿನ ನಮ್ಮ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಅದರದ್ದೇ ಓಡಾಟ. ಖಾಸಗಿ ಶಾಲೆಗಳು ಅಡ್ಮಿಶನ್ ಫ್ಲೆಕ್ಸಲ್ಲಿ 'ಎಐ' ಅಂತ ಎರಡಕ್ಷರ ಸೇರಿಸೋಕೆ ಹೆಚ್ಚು ದಿನ ಬೇಕಾಗಲ್ಲ. ಆದ್ರೆ ಈ ಗ್ರೂಪುಗಳಲ್ಲಿ ಒಬ್ಬರೂ ಕೇಳದೇ ಇದ್ದ ಪ್ರಶ್ನೆ ಒಂದಿತ್ತು. ಪಾಠ ಮಾಡೋರು ಯಾರು?

ಅದು ಕೇಂದ್ರದ ಮಾತು, ನಮ್ಮ ರಾಜ್ಯದ ಪಠ್ಯ ಬೇರೆ ಅನ್ನೋದು ನಿಜ. ರಾಜ್ಯ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿ ಬೇಡ ಅಂದಿದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಇಬ್ಬರಲ್ಲಿ ಯಾರ ನೀತಿ ಬಂದ್ರೂ ಗುಂಡ್ಲುಪೇಟೆಯ ಒಂದು ಶಾಲೇಲೋ ಹನೂರು ಕಡೆಯ ಒಂದು ಶಾಲೇಲೋ ಬೋರ್ಡ್ ಮುಂದೆ ನಿಲ್ಲೋದು ಈಗ ಬಿ.ಇಡಿ, ಡಿ.ಎಲ್.ಇಡಿ ಓದ್ತಿರೋ ಹುಡುಗ ಹುಡುಗೀರೇ. ಅವರು ಹೇಗೆ ತಯಾರಾಗ್ತಿದ್ದಾರೆ ಅನ್ನೋದನ್ನ ನೋಡಬೇಕಾದ್ರೆ ಕಾಲೇಜಿಗಿಂತ ಮೊದಲು ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಬೇಕು.

ಅಲ್ಲಿ ನಡೆಯೋದು ಇಷ್ಟು. ಬಿ.ಇಡಿ ಓದ್ತಿರೋರು ಸಂಜೆ ಹೊತ್ತಿಗೆ ಪೆನ್ ಡ್ರೈವ್ ಹಿಡಿದು ಬರ್ತಾರೆ. ಕೈಲಿ ಪಠ್ಯಪುಸ್ತಕ, ಒಂದು ಹಾಳೇಲಿ ಬರೆದ ಪಾಯಿಂಟುಗಳು. ಟೈಪ್ ಮಾಡಿ ಸ್ಲೈಡ್ ಮಾಡೋದು ಡಿಟಿಪಿ ಮಾಡೋ ಹುಡುಗ. ಚಿತ್ರ ಗೂಗಲ್‌ನಿಂದ ಎತ್ತೋದೂ ಅವನೇ, ಅಕ್ಷರ ಎಡಗಡೆಯಿಂದ ಹಾರಿ ಬರೋ ಹಾಗೆ ಮಾಡೋದೂ ಅವನೇ. ದುಡ್ಡು ಕೊಟ್ಟು, ಪ್ರಿಂಟ್ ತಗೊಂಡು, ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಹೋಗ್ತಾರೆ. ಕಾಲೇಜಲ್ಲಿ ಅದಕ್ಕೆ ಮಾರ್ಕ್ಸ್ ಬೀಳುತ್ತೆ. ಅಂಗಡಿಯವರನ್ನ ಬಯ್ಯೋ ಮಾತಲ್ಲ ಇದು. ಅವರಿಗದು ವ್ಯಾಪಾರ, ನಿಯತ್ತಾಗಿ ಮಾಡಿಕೊಡ್ತಾರೆ. ಲೆಕ್ಕ ಹಾಕಿ ನೋಡಿದ್ರೆ ನಮ್ಮ ತಾಲೂಕಿನ ಭಾವಿ ಶಿಕ್ಷಕರ ಡಿಜಿಟಲ್ ತರಬೇತಿಯ ದೊಡ್ಡ ಭಾಗ ಆಗ್ತಿರೋದು ಅಲ್ಲೇ. ಕಲೀತಿರೋನು ಮಾತ್ರ ಡಿಟಿಪಿ ಹುಡುಗ.

ಸಿಲಬಸ್‌ನಲ್ಲಿ ಏನಿದೆ?

ಸಿಲಬಸ್ ಕೆಟ್ಟದಾಗೇನೂ ಇಲ್ಲ. ಶಿಕ್ಷಕರ ಶಿಕ್ಷಣವನ್ನ ನಿಯಂತ್ರಿಸೋ ರಾಷ್ಟ್ರೀಯ ಸಂಸ್ಥೆ ಎನ್‌ಸಿಟಿಇ 2014ರಲ್ಲಿ ಹೊಸ ನಿಯಮ ತಂದು, ಒಂದು ವರ್ಷದ ಬಿ.ಇಡಿಯನ್ನ ಎರಡು ವರ್ಷಕ್ಕೆ ಎಳೀತು. ಅದರಲ್ಲಿ 'ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ' ಅಂತ ಒಂದು ಕೋರ್ಸ್ ಇದೆ. ಆ ಹೆಸರಲ್ಲಿ 'ವಿಮರ್ಶಾತ್ಮಕ' ಅನ್ನೋ ಪದ ನೋಡಿ. ಕಂಪ್ಯೂಟರ್ ಆನ್ ಮಾಡೋದು, ಸ್ಲೈಡ್ ಮಾಡೋದು ಅಷ್ಟೇ ಅಲ್ಲ. ಯಾವ ಪಾಠಕ್ಕೆ ಇದು ಬೇಕು, ಯಾವುದಕ್ಕೆ ಬೇಡ, ಇದರಿಂದ ಯಾವ ಮಗು ಮುಂದೆ ಬರುತ್ತೆ, ಯಾವ ಮಗು ಹಿಂದೆ ಬೀಳುತ್ತೆ ಅಂತ ಯೋಚನೆ ಮಾಡೋದನ್ನ ಕಲಿಸಬೇಕು ಅಂತಲೇ ಆ ಪದ ಹಾಕಿರೋದು. ಕಾಲೇಜಲ್ಲಿ ಐಸಿಟಿ ಸಂಪನ್ಮೂಲ ಕೇಂದ್ರ ಇರಬೇಕು ಅಂತಲೂ ನಿಯಮ ಹೇಳುತ್ತೆ. ಎರಡು ವರ್ಷದಲ್ಲಿ 20 ವಾರ ಶಾಲೆಗಳ ಜೊತೆ ಕೆಲಸ, ಅದರಲ್ಲಿ 16 ವಾರ ಪೂರ್ತಿ ಇಂಟರ್ನ್‌ಶಿಪ್.

ಕಾಗದದಿಂದ ಕೆಳಗಿಳಿದ ಮೇಲೆ ಕಥೆ ಬೇರೆ ಆಗುತ್ತೆ. ಕೆಲವು ಕಡೆ ಈ ಪೇಪರನ್ನ ಯಾವ ಲೆಕ್ಚರರ್‌ಗೆ ಪೀರಿಯಡ್ ಕಮ್ಮಿ ಇದೆಯೋ ಅವರಿಗೆ ಹಂಚ್ತಾರೆ. ಥಿಯರಿ ನೋಟ್ಸ್ ಡಿಕ್ಟೇಟ್ ಆಗುತ್ತೆ. ಹಾರ್ಡ್‌ವೇರ್ ಅಂದ್ರೇನು, ಸಾಫ್ಟ್‌ವೇರ್ ಅಂದ್ರೇನು, ಪಿಪಿಟಿಯ ಹತ್ತು ಉಪಯೋಗ ಬರೆಯಿರಿ. ಈಜೋದರ ಬಗ್ಗೆ ಪ್ರಬಂಧ ಬರೆಸಿದ ಹಾಗೆ. ಆಮೇಲೆ ಒಂದು ಪಿಪಿಟಿ ಸಬ್ಮಿಟ್ ಮಾಡಿ ಅಂತಾರೆ, ಜೆರಾಕ್ಸ್ ಅಂಗಡಿಗೆ ಗಿರಾಕಿ ಬರೋದು ಆವಾಗ.

ಇನ್ನೊಂದು ಕಾರಣವೂ ಇದೆ. ಕೋರ್ಸ್ ಮುಗಿಸಿದೋರಿಗೆ ಬೇಕಿರೋದು ಕೆಲಸ, ಕೆಲಸಕ್ಕೆ ಬೇಕಿರೋದು ಟಿಇಟಿ. ಕರ್ನಾಟಕ ಟಿಇಟಿಯಲ್ಲಿ 150 ಪ್ರಶ್ನೆ, 150 ಅಂಕ. ಮಕ್ಕಳ ವಿಕಾಸ, ಎರಡು ಭಾಷೆ, ಆಮೇಲೆ ಗಣಿತ, ವಿಜ್ಞಾನ, ಸಮಾಜ, ಪರಿಸರ ಅಧ್ಯಯನ. ಎಲ್ಲಾ ನಾಲ್ಕರಲ್ಲೊಂದು ಟಿಕ್ ಮಾಡೋ ಪ್ರಶ್ನೆಗಳೇ. ಪ್ರೊಜೆಕ್ಟರ್ ಕೈಕೊಟ್ಟಾಗ ಕ್ಲಾಸು ಹೇಗೆ ನಡೆಸ್ತೀಯ ಅಂತ ಅಲ್ಲಿ ಮಾಡಿ ತೋರಿಸೋಕೆ ಆಗಲ್ಲ. ಹಂಗಾಗಿ ಐಸಿಟಿ ಪೇಪರ್ ಅಂದ್ರೆ ಮುಗಿಸಿ ಬಿಟ್ಟರೆ ಸಾಕು ಅನ್ನೋ ಪೇಪರ್. ಕೋಚಿಂಗ್ ಸೆಂಟರ್‌ಗೆ ಸಾಲ ಮಾಡಿ ಫೀಸ್ ಕಟ್ಟೋ ಹುಡುಗ ಪರೀಕ್ಷೇಲಿ ಬರದೇ ಇರೋದಕ್ಕೆ ಯಾಕೆ ಟೈಮ್ ಕೊಡ್ತಾನೆ? ನಾನು ಡಿಗ್ರಿ ಅರ್ಧಕ್ಕೆ ಬಿಟ್ಟೋನು, ಬಿ.ಇಡಿ ಬಾಗಿಲಿಗೇ ಹೋಗಿಲ್ಲ. ಆದ್ರೂ ನನ್ನ ಜೊತೆ ಓದಿದ ನಾಲ್ಕೈದು ಜನ ಇದೇ ಲೈನಲ್ಲಿದ್ದಾರೆ, ಅವರ ಲೆಕ್ಕಾಚಾರ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಅಕ್ಷರ ಒಡೆದು ಹೋದ ಕಥೆ

ಈಗ ಒಂದು ಸಣ್ಣ ವಿಷಯ, ಆದ್ರೆ ಅರ್ಧ ಕ್ಲಾಸುಗಳು ಹಾಳಾಗೋದು ಇಲ್ಲೇ. ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಟೈಪಿಂಗ್ ಹೆಚ್ಚಾಗಿ ನಡೆಯೋದು ನುಡಿ ಫಾಂಟ್‌ನಲ್ಲಿ. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಕನ್ನಡಕ್ಕೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಆದ್ರೆ ಹಳೇ ನುಡಿ ಫಾಂಟುಗಳ ಒಳಗಿನ ಲೆಕ್ಕ ಏನು ಅಂದ್ರೆ, ಕಂಪ್ಯೂಟರ್ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಕೋಡ್‌ಗಳೇ, ಮೇಲೆ ಕನ್ನಡದ ಆಕಾರ ಹೊದಿಸಿರ್ತಾರೆ. ಆ ಫಾಂಟ್ ಇರೋ ಕಂಪ್ಯೂಟರಲ್ಲಿ ಚೆಂದಾಗಿ ಕಾಣುತ್ತೆ. ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಚಿತ್ರಾನ್ನ.

ಇಂಟರ್ನ್‌ಶಿಪ್‌ಗೆ ಹೋದ ಹುಡುಗಿ ಪೆನ್ ಡ್ರೈವ್ ಚುಚ್ಚಿ ಫೈಲ್ ತೆಗೀತಾಳೆ. ಎದುರಿಗೆ ನಲವತ್ತು ಮಕ್ಕಳು, ಹಿಂದಿನ ಬೆಂಚಲ್ಲಿ ಮಾರ್ಕ್ಸ್ ಹಾಕೋಕೆ ಕೂತ ಲೆಕ್ಚರರ್. ಪರದೆ ಮೇಲೆ ಬಂದದ್ದು ಯಾವ ದೇಶದ ಭಾಷೆಯೋ ಗೊತ್ತಾಗಲ್ಲ. ಶಾಲೆಯ ಕಂಪ್ಯೂಟರಲ್ಲಿ ಉಬುಂಟು ಇದ್ದು, ಅಂಗಡೀಲಿ ಪವರ್‌ಪಾಯಿಂಟಲ್ಲಿ ಮಾಡಿದ್ದನ್ನ ಲಿಬ್ರೆ ಆಫೀಸಲ್ಲಿ ತೆಗೆದ್ರೆ ಚಿತ್ರವೂ ಜಾಗ ಬಿಟ್ಟು ಜಾರಿರುತ್ತೆ. ಇದು ಒಬ್ಬಳ ಕಥೆ ಅಲ್ಲ, ಕೇಳಿದೋರೆಲ್ಲ ನಕ್ಕೊಂಡು ತಮ್ಮದೂ ಒಂದು ಹೇಳ್ತಾರೆ. ಆವತ್ತು ನಗು ಬಂದಿರಲ್ಲ. ಆವತ್ತಿಂದ ಅವರು ಕಂಪ್ಯೂಟರ್ ಸಹವಾಸವೇ ಬೇಡ, ಚಾಕ್‌ಪೀಸೇ ವಾಸಿ ಅಂತ ತೀರ್ಮಾನ ಮಾಡಿಬಿಡ್ತಾರೆ. ಆ ತೀರ್ಮಾನ ಮುಂದೆ ಮೂವತ್ತು ವರ್ಷದ ಸರ್ವೀಸಿಗೂ ಅಂಟಿಕೊಳ್ಳಬಹುದು.

ಇದಕ್ಕೆ ಔಷಧಿ ಅರ್ಧ ಗಂಟೆಯದ್ದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಕೋಡ್ ಇರುತ್ತೆ, ಮೊಬೈಲಲ್ಲಿ ನಾವು ದಿನಾ ಮೆಸೇಜ್ ಮಾಡೋದು ಅದೇ. ಎಲ್ಲಿ ತೆಗೆದ್ರೂ ಕನ್ನಡ ಕನ್ನಡವಾಗೇ ಕಾಣುತ್ತೆ. ನುಡಿಯ ಹೊಸ ಆವೃತ್ತಿಯಲ್ಲೂ ಯೂನಿಕೋಡ್ ಇದೆ. ಅದೂ ಆಗಲ್ಲ ಅಂದ್ರೆ ಪಿಡಿಎಫ್ ಮಾಡಿಕೊಳ್ಳಬೇಕು. ಅಕ್ಷರ ಹಾರಿ ಬರೋ ಆಟ ಹೋಗುತ್ತೆ ಅಷ್ಟೇ, ಹೋದ್ರೆ ಒಳ್ಳೇದೇ. ಎರಡು ವರ್ಷದ ಕೋರ್ಸಲ್ಲಿ ಇದನ್ನ ಹೇಳಿಕೊಡೋಕೆ ಒಂದು ಮಧ್ಯಾಹ್ನ ಸಿಗಲ್ವಾ?

ಉಪಗ್ರಹ ಬಂದಿದ್ದ ಜಿಲ್ಲೆ ಇದು

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಈ ವಿಚಾರದಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಗೆ ದೊಡ್ಡ ಹಿಸ್ಟರಿ ಇದೆ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶ್ರೀಹರಿಕೋಟಾದಿಂದ ಎಜುಸ್ಯಾಟ್ ಅನ್ನೋ ಉಪಗ್ರಹ ಹಾರಿಸಿತು. ಶಿಕ್ಷಣಕ್ಕಾಗಿಯೇ ಅಂತ ದೇಶ ಬಿಟ್ಟ ಮೊದಲ ಉಪಗ್ರಹ ಅದು. ಕರ್ನಾಟಕದಲ್ಲಿ ಪ್ರೈಮರಿ ಶಾಲೆಗಳಿಗೆ ಅದರ ಪಾಠ ತಲುಪಿಸೋ ಪ್ರಯೋಗಕ್ಕೆ ಆರಿಸಿಕೊಂಡಿದ್ದು ನಮ್ಮ ಜಿಲ್ಲೇನೇ. ಎಂಟುನೂರಕ್ಕೂ ಹೆಚ್ಚು ಶಾಲೆಗಳಿಗೆ ಟಿವಿ, ಛತ್ರಿ ಆಂಟೆನಾ ಬಂದವು. ಪಾಠ ಬೆಂಗಳೂರಿನ ಸ್ಟುಡಿಯೋದಿಂದ.

ನಾನು ಪ್ರೈಮರಿ ಓದಿದ ಶಾಲೇಲೂ ಒಂದು ಟಿವಿ ಇತ್ತು. ಅದಕ್ಕೆ ಹೂವಿನ ಬಟ್ಟೆ ಹೊದಿಸಿ, ಬೀಗ ಹಾಕಿದ ಬೀರು ಪಕ್ಕ ಇಟ್ಟಿದ್ರು. ಹಾಕಿದ ದಿನ ನಮಗೆ ಹಬ್ಬ. ಪಾಠಕ್ಕಿಂತ ಆಚೆಕಡೆ ಯಾವ ಚಾನೆಲ್ ಬರುತ್ತೆ ಅನ್ನೋದೇ ನಮ್ಮ ಚಿಂತೆ. ಮೇಷ್ಟ್ರು ಪಾಪ ಆನ್ ಮಾಡಿ ಪಕ್ಕದಲ್ಲಿ ಕೂರ್ತಿದ್ರು. ಅವರೇನು ಮಾಡಬೇಕಿತ್ತು? ಮೇಲಿಂದ ಬರೋ ಪ್ರಸಾರ ಒಂದೇ ಟೈಮಿಗೆ, ಎಲ್ಲರಿಗೂ ಒಂದೇ ಪಾಠ. ಯಾವ ಊರಿನ ಶಾಲೆ ಎಷ್ಟನೇ ಪಾಠದಲ್ಲಿದೆ, ಆ ಹೊತ್ತಿಗೆ ಅಲ್ಲಿ ಕರೆಂಟ್ ಇದೆಯಾ ಅಂತ ಆಕಾಶದಲ್ಲಿರೋದಕ್ಕೆ ಗೊತ್ತಾಗಲ್ಲ. ನಡುವೆ ನಿಲ್ಲಿಸಿ 'ಅರ್ಥ ಆಯ್ತಾ' ಅಂತ ಕೇಳೋಕೂ ಆಗಲ್ಲ. ಆ ಅಂತರ ತುಂಬಬೇಕಾದೋರು ಪಕ್ಕದಲ್ಲಿ ಕೂತ ಮೇಷ್ಟ್ರೇ. ಪ್ರಸಾರಕ್ಕೆ ಮೊದಲು ಏನು ಹೇಳಬೇಕು, ಮುಗಿದ ಮೇಲೆ ಏನು ಮಾಡಿಸಬೇಕು, ಅದೇ ನಿಜವಾದ ಪಾಠ. 2010ರಲ್ಲಿ ಉಪಗ್ರಹದ ಆಯಸ್ಸು ಮುಗೀತು. ಛತ್ರಿಗಳಲ್ಲಿ ಕೆಲವು ಶಾಲೆ ಮಾಳಿಗೆ ಮೇಲೆ ಬಹಳ ವರ್ಷ ತುಕ್ಕು ಹಿಡೀತಾ ಇದ್ವು.

ಹೈಸ್ಕೂಲುಗಳದ್ದು ಇನ್ನೊಂದು ದಾರಿ. 2001ರ ಸುಮಾರಿಗೆ ಮಾಹಿತಿ ಸಿಂಧು, ಆಮೇಲೆ ಐಸಿಟಿ ಯೋಜನೆಯ ಹಂತಗಳು. ಕಂಪ್ಯೂಟರ್ ಕೊಟ್ಟು, ಕಲಿಸೋಕೆ ಜನಾನೂ ಕೊಡೋದು ಖಾಸಗಿ ಏಜೆನ್ಸಿ, ಐದು ವರ್ಷದ ಗುತ್ತಿಗೆ, ಅವಧಿ ಮುಗಿದ ಮೇಲೆ ಸಾಮಾನು ಶಾಲೆಗೆ. ಗುತ್ತಿಗೆ ಮುಗಿದಾಗ ಕಂಪ್ಯೂಟರ್ ಹಳೇದಾಗಿತ್ತು, ಕಲಿಸ್ತಿದ್ದ ಹುಡುಗ ಮನೆಗೆ ಹೋಗಿದ್ದ. ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರ್ ಲ್ಯಾಬಿನ ಬೀಗದ ಕೈ ಮುಟ್ಟಿರಲಿಲ್ಲ. ಆ ತಪ್ಪು ಗೊತ್ತಾಗಿಯೇ 2016-17ರಲ್ಲಿ 'ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ', ಟಾಲ್ಪ್ ಅಂತಾರಲ್ಲ ಅದು, ಬಂದಿದ್ದು. ಶಾಲೆಯ ವಿಷಯ ಶಿಕ್ಷಕರನ್ನೇ ಕರೆದು ಕಲಿಸೋದು ಅದರ ಲೆಕ್ಕ. ಕೇಳಿದ್ರೆ ಒಳ್ಳೆ ಮಾತು ಹೇಳೋ ಮೇಷ್ಟ್ರುಗಳು ಈಗಲೂ ಸಿಗ್ತಾರೆ. ಆದ್ರೆ ಅದೂ ಕೆಲಸಕ್ಕೆ ಸೇರಿದ ಮೇಲಿನ ತರಬೇತಿ. ಸೇರೋಕೆ ಮುಂಚೆ ಎರಡು ವರ್ಷ ಕಾಲೇಜಲ್ಲಿ ಕೂತಿದ್ರಲ್ಲ, ಆವಾಗ ಆಗಬೇಕಾಗಿದ್ದ ಕೆಲಸ ಇದು.

ಅದಕ್ಕಿಂತ ಮುಖ್ಯ, ಹೊಸದಾಗಿ ಬಿ.ಇಡಿ ಮುಗಿಸಿದೋರು ಮೊದಲು ಕಾಲಿಡೋದು ಹೆಚ್ಚಾಗಿ ಅತಿಥಿ ಶಿಕ್ಷಕರಾಗಿ, ಇಲ್ಲಾ ಖಾಸಗಿ ಶಾಲೇಲಿ. ಸರ್ಕಾರಿ ತರಬೇತಿಗಳಿಗೆ ಸಾಮಾನ್ಯವಾಗಿ ಹೋಗೋದು ಕಾಯಂ ಶಿಕ್ಷಕರು. ಜೂನ್‌ನಲ್ಲಿ ಬಂದು ಏಪ್ರಿಲ್‌ಗೆ ಹೋಗೋ ಅತಿಥಿ ಶಿಕ್ಷಕರನ್ನ ಯಾರು ಕರೀತಾರೆ? ಅವರಿಗೆ ಸಿಗೋ ತರಬೇತಿ ಅಂದ್ರೆ ಬಿ.ಇಡಿ ಒಂದೇ. ಅಲ್ಲಿ ತಪ್ಪಿದ್ರೆ ತಪ್ಪಿದ್ದೇ.

ಹದಿನಾರು ವಾರ ಏನು ಮಾಡ್ತಾರೆ?

ಈಗ ಇಂಟರ್ನ್‌ಶಿಪ್ ವಿಚಾರ. ನಿಮ್ಮ ಊರಿನ ಶಾಲೆಗೆ ಒಂದೇ ಬಣ್ಣದ ಸೀರೆ, ಒಂದೇ ಬಣ್ಣದ ಶರ್ಟ್ ಹಾಕಿಕೊಂಡು ಎಂಟು ಹತ್ತು ಜನ ಬಸ್ ಇಳಿದು ಹೋಗೋದನ್ನ ನೋಡಿರ್ತೀರ. ಅವರೇ ಇವರು. ಶಾಲೇಲಿ ಇಂಥ ಹೊಸಬರು ಬಂದ್ರೆ ದೊಡ್ಡ ಮೇಷ್ಟ್ರುಗಳಿಗೆ ಒಂದು ಖುಷಿ, ಮೊಬೈಲ್ ಚೆನ್ನಾಗಿ ಗೊತ್ತಿರೋರು ಸಿಕ್ಕರು ಅಂತ. ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ, ಯುಡೈಸ್ ಫಾರಂ, ಸಿಆರ್‌ಪಿ ಕೇಳಿದ ಫೋಟೋ. 'ಅಮ್ಮಾ, ಇದೊಂದು ಅಪ್‌ಲೋಡ್ ಮಾಡಿಕೊಡು' ಅಂತ ಶುರುವಾಗಿ, ಕೊನೆಗೆ ತಂತ್ರಜ್ಞಾನ ಅಂದ್ರೆ ಮೇಲಿನೋರಿಗೆ ಮಾಹಿತಿ ಕಳಿಸೋದು ಅಂತಲೇ ಆಗಿಬಿಡುತ್ತೆ. ಮೇಷ್ಟ್ರುಗಳದ್ದೂ ತಪ್ಪಲ್ಲ. ಎರಡೇ ಜನ ಇರೋ ಶಾಲೇಲಿ ಒಬ್ಬರು ಮೀಟಿಂಗ್‌ಗೆ ಹೋದ್ರೆ ಉಳಿದೋರು ಐದು ಕ್ಲಾಸ್ ನೋಡಿಕೊಂಡು ಮೊಟ್ಟೆ ಲೆಕ್ಕ ಬರೀಬೇಕು.

ಸ್ಮಾರ್ಟ್ ಟಿವಿ ಇರೋ ಶಾಲೇಲಿ ಅದು ಎಚ್.ಎಂ ರೂಮಲ್ಲಿ ಇರುತ್ತೆ. ಟ್ರೈನಿಗಳ ಕೈಗೆ ಕೊಟ್ಟು ಏನಾದ್ರೂ ಆದ್ರೆ ಆಡಿಟ್‌ಗೆ ಉತ್ತರ ಕೊಡೋದು ಯಾರು ಅನ್ನೋ ಭಯ. ನೆಟ್ ಬೇಕಂದ್ರೆ ಟೀಚರ್ ತಮ್ಮ ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಬೇಕು, ಡಾಟಾ ಸ್ವಂತದ್ದು. ಸರ್ಕಾರಿ ಶಾಲೆಗಳಿಗೆ ಕರೆಂಟ್ ಬಿಲ್ ಇಲ್ಲ ಅಂತ 2023ರ ರಾಜ್ಯೋತ್ಸವದಲ್ಲಿ ಮುಖ್ಯಮಂತ್ರಿ ಘೋಷಣೆ ಮಾಡಿದ್ದು ಒಳ್ಳೇ ಕೆಲಸ. ಆದ್ರೆ ಬಿಲ್ ಇಲ್ಲ ಅಂದ ಮಾತ್ರಕ್ಕೆ ಕರೆಂಟ್ ಇರುತ್ತೆ ಅಂತಲ್ಲ. ಯುಪಿಎಸ್ ಬ್ಯಾಟರಿ ಸತ್ತು ವರ್ಷಗಳಾಗಿರ್ತಾವೆ. ದೇಶದ ಲೆಕ್ಕ ನೋಡಿದ್ರೆ ಯುಡೈಸ್ ಪ್ಲಸ್ 2024-25ರ ಪ್ರಕಾರ ಕಂಪ್ಯೂಟರ್ ಇರೋ ಶಾಲೆಗಳು ಶೇ. 64.7, ಇಂಟರ್ನೆಟ್ ಇರೋ ಶಾಲೆಗಳು ಶೇ. 63.5. ಇದೆ ಅಂತ ಟಿಕ್ ಮಾಡೋ ಕಾಲಂ ಅದು. ಮಕ್ಕಳು ಕೊನೇ ಸಲ ಯಾವಾಗ ಮುಟ್ಟಿದ್ರು ಅನ್ನೋದು ಆ ಶೇಕಡಾದಲ್ಲಿ ಕಾಣಲ್ಲ.

ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಊರುಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸಿಗ್ನಲ್‌ಗೇ ಪರದಾಟ. ಕೊರೊನಾ ಟೈಮಲ್ಲಿ ನಮಗೆಲ್ಲ ಇದು ಕಣ್ಣಿಗೆ ಕಂಡಿತು. 2020ರ ಜುಲೈಯಿಂದ ಚಂದನ ವಾಹಿನೀಲಿ 'ಸಂವೇದ' ಪಾಠ, ಆಗಸ್ಟ್‌ನಲ್ಲಿ ವಿದ್ಯಾಗಮ. ದೇವಸ್ಥಾನದ ಜಗಲಿ, ಮರದ ಕಟ್ಟೆ ಮೇಲೆ ಮಕ್ಕಳನ್ನ ಕೂರಿಸಿಕೊಂಡು ಮೇಷ್ಟ್ರುಗಳು ಪಾಠ ಮಾಡಿದ್ರು. ಫೋನ್ ಇರೋ ಮಕ್ಕಳನ್ನ ಒಂದು ಗುಂಪು, ಇಲ್ಲದೋರನ್ನ ಒಂದು ಗುಂಪು ಅಂತ ವಿಂಗಡಿಸಿಕೊಂಡಿದ್ರು. ಸೋಂಕು ಹರಡ್ತಾ ಇದೆ ಅಂತ ಅಕ್ಟೋಬರ್‌ನಲ್ಲಿ ಅದನ್ನ ನಿಲ್ಲಿಸಬೇಕಾಯ್ತು. ಆದ್ರೂ ನನ್ನ ಪ್ರಕಾರ ಡಿಜಿಟಲ್ ಪಾಠದ ಬಗ್ಗೆ ರಾಜ್ಯ ಕಲಿತ ಅತೀ ಪ್ರಾಮಾಣಿಕ ಪಾಠ ವಿದ್ಯಾಗಮವೇ. ಯಾರ ಹತ್ರ ಏನಿಲ್ಲ ಅಂತ ಮೊದಲು ಪಟ್ಟಿ ಮಾಡಿಕೊಂಡು ಆಮೇಲೆ ಪಾಠಕ್ಕೆ ಕೂತ ಯೋಜನೆ ಅದು. ಬಿ.ಇಡಿ ಕಾಲೇಜಿನ ಐಸಿಟಿ ನೋಟ್ಸಲ್ಲಿ ಇದರ ಬಗ್ಗೆ ಒಂದು ಪುಟ ಇರಬೇಕಿತ್ತು.

ನೆಟ್ ಇಲ್ಲದೆಯೂ ಆಗೋದು

ಹಾಗಂತ ಏನೂ ಆಗಲ್ಲ ಅಂತ ಕೈಚೆಲ್ಲೋ ವಿಷಯ ಅಲ್ಲ ಇದು. ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್' ಅನ್ನೋ ಪ್ರಯೋಗಗಳಿವೆ. 2002ರಲ್ಲಿ ನೊಬೆಲ್ ವಿಜ್ಞಾನಿ ಕಾರ್ಲ್ ವೀಮನ್ ಶುರು ಮಾಡಿದ್ದು. ಪುಕ್ಕಟೆ. ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಪೇಟೇಲಿ ನೆಟ್ ಇರೋ ಕಡೆ ಡೌನ್‌ಲೋಡ್ ಮಾಡಿ ಪೆನ್ ಡ್ರೈವ್‌ಗೆ ಹಾಕಿಕೊಂಡು ಹೋದ್ರೆ ನೆಟ್ ಇಲ್ಲದ ಶಾಲೆಯ ಕಂಪ್ಯೂಟರಲ್ಲೂ ಓಡ್ತವೆ. ಬ್ಯಾಟರಿ, ವೈರು, ಬಲ್ಬು ಪರದೆ ಮೇಲೆ ಜೋಡಿಸಿ ಸರ್ಕ್ಯೂಟ್ ಮಾಡಬಹುದು. ತಪ್ಪಾಗಿ ಜೋಡಿಸಿದ್ರೆ ಬೆಂಕಿ ಹತ್ತಿದ ಹಾಗೆ ತೋರಿಸುತ್ತೆ. ನಿಜವಾಗಿ ಮಾಡಿದ್ರೆ ಅಪಾಯ ಇರೋದನ್ನ ಇಲ್ಲಿ ಧೈರ್ಯವಾಗಿ ಮಾಡಿ ನೋಡಬಹುದು. ಗಣಿತಕ್ಕೆ ಜಿಯೋಜೀಬ್ರಾ ಇದೆ, ಅದೂ ಪುಕ್ಕಟೆ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದ್ರೆ ಮೂರೂ ಕೋನ ಬದಲಾಗುತ್ತೆ, ಮೊತ್ತ ಮಾತ್ರ 180ರಲ್ಲೇ ನಿಲ್ಲುತ್ತೆ. ಬೋರ್ಡ್ ಮೇಲೆ ಎಷ್ಟು ತ್ರಿಭುಜ ಬರೆದ್ರೂ ಇದನ್ನ ಇಷ್ಟು ಬೇಗ ತೋರಿಸೋಕೆ ಆಗಲ್ಲ.

ಇದಕ್ಕೆ ಉಲ್ಟಾ ಕೂಡ ಇದೆ. ಕಾಳು ಮೊಳಕೆ ಒಡೆಯೋದನ್ನ ತೋರಿಸೋಕೆ ಯೂಟ್ಯೂಬ್ ವಿಡಿಯೋ ಹಾಕಿದ ಪಾಠ ಯೋಜನೆ ಒಂದನ್ನ ನೋಡಿದೆ. ಹುರುಳಿ ಬೆಳೆಯೋ ನಾಡಲ್ಲಿ, ಪ್ರತಿ ಮನೇಲೂ ಮೊಳಕೆಕಾಳು ಸಾರು ಮಾಡೋ ಊರಲ್ಲಿ ವಿಡಿಯೋ ಯಾಕೆ? ಒದ್ದೆ ಬಟ್ಟೇಲಿ ಹಿಡಿ ಹುರುಳಿ ಕಟ್ಟಿ ಕಿಟಕೀಲಿ ಇಟ್ಟರೆ ನಾಳೆ ನಾಳಿದ್ದರಲ್ಲಿ ಮಕ್ಕಳೇ ಬಿಚ್ಚಿ ನೋಡ್ತಾರೆ. ಯಾವ ಪಾಠಕ್ಕೆ ಯಂತ್ರ, ಯಾವ ಪಾಠಕ್ಕೆ ಹುರುಳಿಕಾಳು ಅಂತ ಗೊತ್ತಾಗೋದೇ ಈ ಕಸುಬು. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಅಂತ ಇಬ್ಬರು ಇದಕ್ಕೆ ಟಿಪ್ಯಾಕ್ ಅಂತ ಹೆಸರಿಟ್ಟರು. ವಿಷಯದ ಜ್ಞಾನ, ಕಲಿಸೋ ಜ್ಞಾನ, ತಂತ್ರಜ್ಞಾನದ ಜ್ಞಾನ ಮೂರೂ ಬೇರೆ ಬೇರೆ ಇದ್ರೆ ಸಾಲದು, ಒಂದರೊಳಗೊಂದು ಕಲೀಬೇಕು ಅನ್ನೋದು ಅವರ ಮಾತು. ಬಿ.ಇಡಿ ಪರೀಕ್ಷೇಲಿ ಇದರ ಮೂರು ವೃತ್ತದ ಚಿತ್ರ ಬರೆದ್ರೆ ಮಾರ್ಕ್ಸ್ ಸಿಗುತ್ತೆ. ಹುರುಳಿಕಾಳು ಯಾವ ವೃತ್ತಕ್ಕೆ ಬರುತ್ತೆ ಅಂತ ಕೇಳಿದ್ರೆ ಎಷ್ಟು ಜನ ಹೇಳ್ತಾರೋ.

ನನಗೆ ಅತಿ ಆಶ್ಚರ್ಯ ಆಗಿದ್ದು ಮೈಕ್ರೋ ಟೀಚಿಂಗ್ ವಿಷಯ. ಬಿ.ಇಡಿಯೋರೆಲ್ಲ ಐದಾರು ನಿಮಿಷದ ತುಣುಕು ಪಾಠ ಮಾಡಿ ಅಭ್ಯಾಸ ಮಾಡ್ತಾರಲ್ಲ, ಅದು ಹುಟ್ಟಿದ್ದು 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ. ಅದರ ಜೀವಾಳವೇ ವಿಡಿಯೋ ರೆಕಾರ್ಡರ್. ಪಾಠ ಮಾಡಿದೋರು ತಮ್ಮ ಪಾಠವನ್ನ ತಾವೇ ನೋಡಿ, ಎಲ್ಲಿ ತಡವರಿಸಿದೆ, ಯಾರ ಕಡೆ ನೋಡಲೇ ಇಲ್ಲ ಅಂತ ತಿದ್ದಿಕೊಂಡು ಮತ್ತೆ ಮಾಡೋದು. ಆ ಕಾಲಕ್ಕೆ ಅದು ದುಬಾರಿ ಯಂತ್ರ. ಇಲ್ಲಿಗೆ ಬರೋಷ್ಟರಲ್ಲಿ ರೆಕಾರ್ಡರ್ ಅಲ್ಲೇ ಉಳೀತು, ತುಣುಕು ಪಾಠ ಮಾತ್ರ ಬಂತು. ಈಗ ಪ್ರತಿಯೊಬ್ಬ ಟ್ರೈನಿಯ ಬ್ಯಾಗಲ್ಲೂ ಅದಕ್ಕಿಂತ ಒಳ್ಳೇ ಕ್ಯಾಮೆರಾ ಇದೆ. ಪಕ್ಕದ ಗೆಳತಿ ಫೋನ್ ಹಿಡಿದ್ರೆ ಸಾಕು. ಬಹಳ ಕಡೆ ಕ್ಲಾಸಲ್ಲಿ ಫೋನ್ ಸ್ವಿಚ್ ಆಫ್ ಮಾಡಿ ಅಂತಾರೆ, ರೀಲ್ಸ್ ನೋಡ್ತಾರೆ ಅಂತ. ಅದೂ ಸುಳ್ಳಲ್ಲ ಬಿಡಿ.

ಇನ್ನೊಂದು ಮಾತು, ನಮ್ಮ ಜಿಲ್ಲೆಗೆ ಸೀಮಿತವಾದದ್ದು. ಸೋಲಿಗರ ಮಕ್ಕಳು ಮನೇಲಿ ಆಡೋ ನುಡಿ ಪಠ್ಯಪುಸ್ತಕದ ಕನ್ನಡ ಅಲ್ಲ. ಆ ಪೋಡುಗಳ ಶಾಲೆಗೆ ಹೋಗೋ ಟ್ರೈನಿ ತನ್ನ ಫೋನಲ್ಲಿ ಅಲ್ಲಿನ ಹಿರಿಯರ ಕಥೆ, ಹಾಡು, ಗಿಡಗಳ ಹೆಸರು ಅವರ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡಿಕೊಂಡು, ಕ್ಲಾಸಲ್ಲಿ ಕೇಳಿಸಿ, ಅಲ್ಲಿಂದ ಪುಸ್ತಕದ ಪಾಠಕ್ಕೆ ದಾಟಿದ್ರೆ? ಅದಕ್ಕೆ ಸಿಗ್ನಲ್ ಬೇಡ, ಸ್ಮಾರ್ಟ್ ಬೋರ್ಡ್ ಬೇಡ. ಯಾವ ಕಂಪನಿಯ ಆ್ಯಪಲ್ಲೂ ಸಿಗದ ಪಾಠ ಅದು.

ಅಂಗಡಿಯೋರಿಗೆ, ಅಪ್ಪ ಅಮ್ಮಂದಿರಿಗೆ

ಇದನ್ನ ಓದ್ತಿರೋ ನೀವು ಅಂಗಡಿ ಇಟ್ಟಿರೋರಾದ್ರೆ ವರ್ಷಕ್ಕೊಂದು ಸಲ ಯಾರೋ ಬಂದು ಶಾಲೆಗೆ ದೇಣಿಗೆ ಕೊಡಿ ಅಣ್ಣ ಅಂತ ಕೇಳಿರ್ತಾರೆ. ಸ್ವಾತಂತ್ರ್ಯ ದಿನಾಚರಣೆಗೆ ಟಿವಿ ಕೊಟ್ಟು ಹಾರ ಹಾಕಿಸಿಕೊಂಡೋರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ, ಒಳ್ಳೇ ಮನಸಿಂದಲೇ ಕೊಟ್ಟಿರ್ತಾರೆ. ಮುಂದಿನ ಸಲ ಕೊಡೋವಾಗ ಯಾವ ಟೀಚರ್ ಇದನ್ನ ಬಳಸ್ತಾರೆ, ಅವರ ಹೆಸರೇನು ಅಂತ ಕೇಳಿ. ಆ ಟೀಚರ್ ಬಂದು ನನಗೆ ಟಿವಿಗಿಂತ ಒಂದು ಯುಪಿಎಸ್ ಬ್ಯಾಟರಿ, ಒಂದು ಸ್ಪೀಕರ್, ಒಂದು ಪೆನ್ ಡ್ರೈವ್ ಬೇಕು ಅಂದ್ರೆ ಅದನ್ನೇ ಕೊಡಿ. ಫೋಟೋಗೆ ಚೆನ್ನಾಗಿರಲ್ಲ, ಏನ್ ಮಾಡೋದು.

ಖಾಸಗಿ ಶಾಲೆಗೆ ಫೀಸ್ ಕಟ್ಟೋರು 'ಸ್ಮಾರ್ಟ್ ಕ್ಲಾಸ್' ಹೆಸರಲ್ಲಿ ಬೇರೆ ದುಡ್ಡು ಕಟ್ಟಿರಬಹುದು. ಬೋರ್ಡ್ ಮೇಲೆ ಕಂಪನಿ ವಿಡಿಯೋ ಹಾಕಿ ಟೀಚರ್ ಪಕ್ಕಕ್ಕೆ ನಿಂತ್ರೆ, ಅದು ಎಜುಸ್ಯಾಟ್ ಟಿವಿಯ ಹೊಸ ಅವತಾರ ಅಷ್ಟೇ. ಯುನೆಸ್ಕೋ 2023ರಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆಯೇ ಇಡೀ ಜಗತ್ತಿನ ವರದಿ ಮಾಡಿತು. ಶಿಕ್ಷಕರಿಗೆ ಇಂಥ ಕೌಶಲ ಇಷ್ಟಿರಬೇಕು ಅಂತ ಮಾನದಂಡ ಇಟ್ಟುಕೊಂಡಿರೋ ದೇಶಗಳು ಅರ್ಧದಷ್ಟೇ ಅಂತ ಅದರಲ್ಲಿದೆ. ಮಕ್ಕಳ ಕಡೆಯಿಂದ ನೋಡಿದ್ರೆ, ಅಸರ್ 2024ರ ಸಮೀಕ್ಷೆ ಪ್ರಕಾರ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82ಕ್ಕೂ ಹೆಚ್ಚು ಜನರಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಹಿಂದಿನ ವಾರದಲ್ಲಿ ಓದಿಗೆ ಬಳಸಿದೋರು ಶೇ. 57, ಸೋಶಿಯಲ್ ಮೀಡಿಯಾಗೆ ಬಳಸಿದೋರು ಶೇ. 76. ಅಂದ್ರೆ ಮಕ್ಕಳು ಟೀಚರ್‌ಗಾಗಿ ಕಾಯ್ತಾ ಕೂತಿಲ್ಲ. ಅವರ ಕೈಲಿ ಆಗಲೇ ಫೋನಿದೆ, ಅದರಲ್ಲಿ ಸುಳ್ಳು ಯಾವುದು, ಮೋಸ ಯಾವುದು, ತಮ್ಮ ಫೋಟೋ ಯಾರಿಗೆ ಕಳಿಸಬಾರದು ಅಂತ ಹೇಳಿಕೊಡೋ ದೊಡ್ಡೋರು ಬೇಕು. ಮನೇಲಿ ನಮಗೇ ಗೊತ್ತಿಲ್ಲ. ಶಾಲೇಲಿ ಗೊತ್ತಿರಬೇಕಾದೋರಿಗೆ ಕಲಿಸಿದೋರಿಲ್ಲ.

ಈ ನಡುವೆ ಜೆರಾಕ್ಸ್ ಅಂಗಡಿಗಳ ವ್ಯಾಪಾರವೂ ಸ್ವಲ್ಪ ಇಳಿದಿದೆ ಅನ್ನೋ ಮಾತು ಕೇಳಿಬಂತು. ಯಾಕೆ ಅಂದ್ರೆ ಪಾಠ ಯೋಜನೆಯನ್ನ ಈಗ ಚಾಟ್‌ಜಿಪಿಟಿಯೇ ಬರೆದುಕೊಡುತ್ತೆ. ಕನ್ನಡದಲ್ಲೇ ಕೇಳಿದ್ರೆ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲಾ ಒಂದು ನಿಮಿಷದಲ್ಲಿ ರೆಡಿ. ಟ್ರೈನಿಗಳು ಅದನ್ನ ನೋಡಿಕೊಂಡು ರೆಕಾರ್ಡ್ ಪುಸ್ತಕಕ್ಕೆ ಕೈಬರಹದಲ್ಲಿ ಇಳಿಸ್ತಾರೆ. ಕಾಲೇಜುಗಳು ಇನ್ನೂ ಕೈಬರಹವನ್ನೇ ಕೇಳೋದರಿಂದ ಕದ್ದದ್ದು ಗೊತ್ತಾಗಲ್ಲ. ಇದನ್ನ ತಡೀಬೇಕು ಅಂತ ಕೂಗಾಡೋದರಲ್ಲಿ ಅರ್ಥ ಇಲ್ಲ, ತಡೆಯೋಕೆ ಆಗಲ್ಲ. ಅದರ ಬದಲು ಲೆಕ್ಚರರ್ ಒಬ್ಬರು ಆ ಯೋಜನೆಯನ್ನೇ ಪ್ರಿಂಟ್ ತೆಗೆಸಿ ಎಲ್ಲರ ಮುಂದೆ ಇಟ್ಟು, ಇದರಲ್ಲಿ ಹನೂರಿನ ನಾಲ್ಕನೇ ಕ್ಲಾಸಿಗೆ ಹೊಂದದೇ ಇರೋದು ಏನೇನಿದೆ, ಕೆಂಪು ಪೆನ್ನಲ್ಲಿ ಗುರುತು ಹಾಕಿ ಅಂತ ಹೇಳಬಹುದು. 'ವಿಮರ್ಶಾತ್ಮಕ' ಅಂತ 2014ರಲ್ಲಿ ಬರೆದಿಟ್ಟ ಪದಕ್ಕೆ ಇದಕ್ಕಿಂತ ಸಲೀಸಾದ ಪ್ರಾಕ್ಟಿಕಲ್ ನನಗಂತೂ ಹೊಳೀತಿಲ್ಲ. ಮಾರ್ಕ್ಸ್ ಹಾಕೋ ಕಾಲಂ ಒಂದನ್ನ ಬದಲಾಯಿಸಿದ್ರೆ ಸಾಕು, ಅದಕ್ಕೆ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಒಂದು ಮೀಟಿಂಗ್ ಮಾಡಬೇಕು. ಮೂರನೇ ಕ್ಲಾಸಿನ ಎಐ ಪುಸ್ತಕ ಅಚ್ಚಾಗಿ ಬರೋದಕ್ಕೆ ಮುಂಚೆ ಆ ಮೀಟಿಂಗ್ ಕರೀತಾರಾ ಅಂತ ವಿಚಾರಿಸ್ತಾ ಇದ್ದೀವಿ. ಗೊತ್ತಾದ ದಿನ ಇಲ್ಲೇ ಹಾಕ್ತೀವಿ.